ಹುಲಿ ಎಷ್ಟಿವೆ ಅಂತ ಕೇಳಿದರೆ ಸಾಲದು

ಕಾಡಿನ ಕೆಲಸ ಮಾಡುವವರಿಗೆ ಊರಲ್ಲಿ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಹುಲಿ ಕಂಡ್ವಾ ಸಾರ್?’ ಜೀವವೈವಿಧ್ಯದ ‘ಹಾಟ್‌ಸ್ಪಾಟ್’ ಅಂದರೆ ದೊಡ್ಡ ಪ್ರಾಣಿಗಳು ಕಿಕ್ಕಿರಿದ ಕಾಡು ಅಂತ ಜನ ಅಂದುಕೊಂಡಿದ್ದಾರೆ. ಆದರೆ ಹುಲಿ, ಆನೆ ಇದ್ದ ಮಾತ್ರಕ್ಕೆ ಆ ಹೆಸರು ಸಿಗುವುದಿಲ್ಲ. ಬೇರೆಲ್ಲೂ ಬೆಳೆಯದ ಗಿಡಮರಗಳು ಕನಿಷ್ಠ 1,500 ಜಾತಿ ಇರಬೇಕು. ಮೂಲ ಕಾಡು, ಹುಲ್ಲುಗಾವಲಿನಲ್ಲಿ ಶೇ 70ರಷ್ಟಾದರೂ ಆಗಲೇ ಹಾಳಾಗಿರಬೇಕು. ಅಂದರೆ ಪಟ್ಟಿಗೆ ಸೇರುವ ಹೊತ್ತಿಗೇ ಅಲ್ಲಿ ಉಳಿದಿರುವುದು ಸ್ವಲ್ಪ. ಬ್ರಿಟಿಷ್ ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್ 1988ರಲ್ಲಿ ಈ ವಿಚಾರ ಮುಂದಿಟ್ಟರು. ಈಗ ಜಗತ್ತಿನಲ್ಲಿ ಇಂಥ 36 ಪ್ರದೇಶಗಳಿವೆ. ನಾಲ್ಕರ ಭಾಗಗಳು ಭಾರತದಲ್ಲಿವೆ: ಪಶ್ಚಿಮ ಘಟ್ಟ, ಹಿಮಾಲಯ, ಈಶಾನ್ಯದ ಇಂಡೋ-ಬರ್ಮಾ, ಆಗ್ನೇಯ ಏಷ್ಯಾದ ಸುಂಡಾಲ್ಯಾಂಡ್ ಎಂಬ ಪ್ರದೇಶಕ್ಕೆ ಸೇರಿದ ನಿಕೋಬಾರ್.

ನಮ್ಮ ಘಟ್ಟದ್ದೇ ನೋಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರು ನೆಲ. ಉಸಿರಾಡಲು ರಾಮಪತ್ರೆ ಮರದ ಬೇರುಗಳೇ ಮಂಡಿಯಂತೆ ಬಾಗಿ ಕೆಸರಿನಿಂದ ಮೇಲೆ ಎದ್ದಿರುತ್ತವೆ. ಅಲ್ಲಿನ ಹಳ್ಳದಲ್ಲಿ ಕುಂಬಾರ ಕಪ್ಪೆ ಇದೆ. ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ವಿವರಿಸಿದ್ದು 2014ರಲ್ಲಿ. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಹಳ್ಳದ ತಳದಿಂದ ಕೆಸರನ್ನು ಮುಂಗಾಲಲ್ಲಿ ಬಾಚಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ. ಕೆಸರು, ಹರಿವ ನೀರು, ಅದರ ಮೇಲೆ ಬಾಗಿದ ಕಡ್ಡಿ, ಈ ಮೂರೂ ಒಂದೇ ಕಡೆ ಇರಬೇಕು. ಇಂಥ ಎಷ್ಟೋ ಜಡ್ಡಿಗಳು ಗದ್ದೆಯಾದವು, ಅಡಿಕೆ ತೋಟವಾದವು. ಹುಲಿ ಒಂದು ಕಾಡು ಬಿಟ್ಟು ಇನ್ನೊಂದಕ್ಕೆ ನಡೆದು ಹೋದೀತು. ಈ ಕಪ್ಪೆ ಎಲ್ಲಿಗೆ ಹೋಗಬೇಕು?

ಸಿಂಗಳೀಕದ ಕಷ್ಟ ಬೇರೆ ಥರದ್ದು. ಅದು ನೆಲಕ್ಕೆ ಇಳಿಯುವುದೇ ಕಡಿಮೆ. ಮರದಿಂದ ಮರಕ್ಕೆ ಕೊಂಬೆ ತಾಗಬೇಕು. ನಡುವೆ ರಸ್ತೆ ಅಗಲವಾದರೆ ಗುಂಪು ಆಚೆ-ಈಚೆ ಬೇರೆಯಾಗುತ್ತದೆ. ಅಸ್ಸಾಮಿನ ಹೊಲ್ಲೊಂಗಾಪಾರ್‌ನಲ್ಲಿ ಹುಲಾಕ್ ಗಿಬ್ಬನ್ ಎಂಬ ಬಾಲವಿಲ್ಲದ ವಾನರಗಳಿಗೆ ಆಗಿರುವುದೂ ಇದೇ. ಆ ಕಾಡನ್ನು ರೈಲು ಹಳಿ ಸೀಳಿದೆ. ಹಿಮಾಲಯದ ಸಂಪತ್ತಂತೂ ಇನ್ನೂ ಪೂರ್ತಿ ಲೆಕ್ಕಕ್ಕೇ ಸಿಕ್ಕಿಲ್ಲ. ಅರುಣಾಚಲದ ಬುಗುನ್ ಲಿಯೊಸಿಕ್ಲಾ ಎಂಬ ಹಕ್ಕಿ ಹೊಸ ಜಾತಿ ಎಂದು ದಾಖಲಾಗಿದ್ದು 2006ರಲ್ಲಿ. ನಿಕೋಬಾರ್‌ನ ಮೆಗಾಪೋಡ್ ಹಕ್ಕಿ ಕಾವಿಗೆ ಕೂರುವುದಿಲ್ಲ. ಕಡಲಂಚಿನ ಕಾಡಿನಲ್ಲಿ ಮರಳು, ತರಗೆಲೆ ಗುಡ್ಡೆ ಹಾಕಿ ಮೊಟ್ಟೆ ಹೂಳುತ್ತದೆ. ಎಲೆ ಕೊಳೆಯುವ ಬಿಸಿಗೇ ಮರಿಯಾಗುತ್ತದೆ. 2004ರ ಸುನಾಮಿ ಅಂಥ ಗುಡ್ಡೆಗಳನ್ನು ಗುಡಿಸಿಕೊಂಡು ಹೋಯಿತು. ಉಳಿದ ಕಡಲಂಚನ್ನಾದರೂ ನಾವು ಮುಟ್ಟಬಾರದು.

ನನ್ನ ಒತ್ತಾಯ ಒಂದಿದೆ. ಯಾವುದೇ ಯೋಜನೆಗೆ ಮುಂಚೆ ಜೀವಿಗಳ ಸಮೀಕ್ಷೆ ಮಾಡುತ್ತಾರಲ್ವಾ? ಅದು ಯಾವ ತಿಂಗಳಲ್ಲಿ ನಡೆಯಿತು ಅಂತ ಮೊದಲು ಕೇಳಿ. ಘಟ್ಟದ ನೇರಳೆ ಕಪ್ಪೆ ವರ್ಷದ ಬಹುಪಾಲು ಮಣ್ಣಿನೊಳಗೇ ಇರುತ್ತದೆ. ಮೊಟ್ಟೆಯಿಡಲು ಮೊದಲ ಮಳೆಗೆ ಮೇಲೆ ಬಂದು ಮತ್ತೆ ಒಳಗೆ ಸೇರುತ್ತದೆ. ಹಾಗಾಗಿಯೇ 2003ರವರೆಗೂ ಅದಕ್ಕೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ಬೇಸಿಗೆಯ ಹಗಲಲ್ಲಿ ಸುಮ್ನೆ ಒಂದು ಸುತ್ತು ಹಾಕಿ ‘ವಿಶೇಷ ಜೀವಿಗಳಿಲ್ಲ’ ಅಂತ ಬರೆದ ವರದಿಯನ್ನು ಒಪ್ಪಬೇಡಿ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹಳ್ಳದುದ್ದಕ್ಕೂ ನಡೆದವರ ವರದಿ ಕೇಳಿ.