ಹೊರಗಿನ ತಂತ್ರಾಂಶಕ್ಕೆ ಜಾಗ ಯಾವುದು?

ಕೊಡಗಿನ ಕಾಫಿ ತೋಟಗಳ ಕಚೇರಿಗಳಲ್ಲಿ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವನಾಗಿ ನಾನು ಪಾಲಿಸುವ ನಿಯಮ ಒಂದೇ: ಹೊರಗಿನ ತಂತ್ರಾಂಶವನ್ನು, ಅಂದರೆ ವ್ಯವಸ್ಥೆಯ ಜೊತೆ ಬರದೆ ನಾವು ಬೇರೆಡೆಯಿಂದ ತಂದು ಹಾಕುವುದನ್ನು, ಯಾವ ಫೋಲ್ಡರಿನಲ್ಲಿ ಇಡಬೇಕೆಂದು ನಿರ್ಧರಿಸುವ ಮೊದಲು, ಅದನ್ನು ಮುಂದೆ ಅಪ್‌ಡೇಟ್ ಮಾಡುವವರೂ ತೆಗೆಯುವವರೂ ಯಾರೆಂದು ಗೊತ್ತುಮಾಡಿಕೊಳ್ಳಬೇಕು. 1994ರಲ್ಲಿ ಮೊದಲು ರೂಪುಗೊಂಡು 2015ರಲ್ಲಿ 3.0 ಆವೃತ್ತಿಗೆ ಬಂದ ಕಡತವ್ಯವಸ್ಥೆಯ ಮಾನಕವೂ (ಲಿನಕ್ಸ್‌ನಲ್ಲಿ ಯಾವ ಕಡತ ಎಲ್ಲಿರಬೇಕೆಂದು ಹೇಳುವ ಎಫ್‌ಎಚ್‌ಎಸ್) ಇದೇ ಜಾಡಿನಲ್ಲಿದೆ. ಅದರ ಪ್ರಕಾರ ‘ಯುಎಸ್ಆರ್’ (/usr) ಫೋಲ್ಡರ್, ವ್ಯವಸ್ಥೆಯ ತಂತ್ರಾಂಶಗಳನ್ನು ಹಾಕಿ, ಅಪ್‌ಡೇಟ್ ಮಾಡಿ, ತೆಗೆಯುವ ಪ್ಯಾಕೇಜ್ ಮ್ಯಾನೇಜರಿನ ಸುಪರ್ದಿಗೆ ಸೇರಿದ್ದು. ನಾವೇ ಮೂಲ ಕೋಡ್‌ನಿಂದ ಕಂಪೈಲ್ ಮಾಡಿದ್ದು ಅದರೊಳಗಿನ ‘ಲೋಕಲ್’ (/usr/local) ಫೋಲ್ಡರಿಗೆ, ಕಂಪನಿಯವರು ಇಡಿಯಾಗಿ ಕೊಟ್ಟದ್ದು ‘ಆಪ್ಟ್’ (/opt) ಫೋಲ್ಡರಿನೊಳಗೆ ತನ್ನದೇ ಹೆಸರಿನ ಫೋಲ್ಡರಿಗೆ ಹೋಗಬೇಕು.

‘ಲೋಕಲ್’ನಲ್ಲಿ ಒಂದು ತೊಡಕಿದೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಒಂದೇ ಪ್ರೋಗ್ರಾಂನ ಹಳೆಯ ಆವೃತ್ತಿ ‘ಯುಎಸ್ಆರ್’ನಲ್ಲೂ ಹೊಸದು ‘ಲೋಕಲ್’ನಲ್ಲೂ ಇದೆ ಎನ್ನಿ. ಟರ್ಮಿನಲ್ ತೆರೆದು ಆಜ್ಞೆ ಕೊಟ್ಟರೆ ‘ಲೋಕಲ್’ನಲ್ಲಿರುವ ಹೊಸ ಆವೃತ್ತಿಯೇ ಮೊದಲು ಸಿಗುತ್ತದೆ, ಆದರೆ ನಿಗದಿತ ಹೊತ್ತಿಗೆ ಕೆಲಸ ಮಾಡಿಸುವ, ರಾತ್ರಿ ಬ್ಯಾಕಪ್ ನಡೆಸುವ ಕ್ರಾನ್, ಬಳಕೆದಾರರ ಕ್ರಾನ್ ಪಟ್ಟಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ‘ಲೋಕಲ್’ ಕಡೆಗೆ ತಲೆಯನ್ನೇ ಹಾಕುವುದಿಲ್ಲ. ಹೀಗಾಗಿ ಹಗಲು ಹೊಸ ಆವೃತ್ತಿ, ರಾತ್ರಿ ಹಳೆಯ ಆವೃತ್ತಿ ಓಡುತ್ತಿರುತ್ತದೆ, ಮತ್ತು ಕೈಯಾರೆ ಪರೀಕ್ಷಿಸಿದಾಗಲೆಲ್ಲ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕ್ರಾನ್ ಸಾಲಿನಲ್ಲಿ ಆಜ್ಞೆಯ ಪೂರ್ಣ ಹಾದಿಯನ್ನು ಬರೆಯುವುದೇ ಇದಕ್ಕೆ ಮದ್ದು. ವ್ಯವಸ್ಥೆಯ ಜೊತೆ ಬಂದ ಪೈಥಾನ್ ಭಾಷೆಗೆ ಅದರ ಇನ್‌ಸ್ಟಾಲರ್ ಆದ ಪಿಪ್ ಮೂಲಕ ನೇರವಾಗಿ ಏನನ್ನಾದರೂ ಸೇರಿಸುವ ಚಾಳಿಯನ್ನು 2023ರ ಡೆಬಿಯನ್ 12 ತಾನಾಗಿಯೇ ತಡೆಯುತ್ತದೆ. ಅದನ್ನು ಬಲವಂತವಾಗಿ ಮೀರುವ ಆಯ್ಕೆಯನ್ನು ದಯವಿಟ್ಟು ಮುಟ್ಟಬೇಡಿ.

ವಿಂಡೋಸ್‌ನಲ್ಲಿ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿಗೆ ತಂತ್ರಾಂಶ ಹಾಕಲು ಅಡ್ಮಿನ್ ಅನುಮತಿ ಬೇಕು. ಅದನ್ನು ತಪ್ಪಿಸಲು ಬಳಕೆದಾರರ ‘ಆಪ್‌ಡೇಟಾ’ದಲ್ಲಿ ಹಾಕಿದರೆ, ಅದೇ ಕಂಪ್ಯೂಟರಿನಲ್ಲಿ ಬೇರೆ ಖಾತೆಯಿಂದ ಕೆಲಸ ಮಾಡುವ ಇನ್ನೊಬ್ಬ ಗುಮಾಸ್ತರಿಗೆ ಅದು ಕಾಣಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವಿರುವುದು ಮಾಹಿತಿಯನ್ನು ಪ್ರೋಗ್ರಾಂ ಫೋಲ್ಡರಿನಲ್ಲೇ ಬಿಡುವುದರಲ್ಲಿ. ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ವರ್ಷಗಟ್ಟಲೆ ಬರೆದಿಟ್ಟ ಮಳೆಯ ಲೆಕ್ಕ, ಹಳೆಯ ಆವೃತ್ತಿಯ ಫೋಲ್ಡರನ್ನು ಅಳಿಸುವಾಗ ಅದರೊಂದಿಗೇ ಅಳಿದುಹೋಗಬಹುದು. ‘ಆಪ್ಟ್’ನ ತಂತ್ರಾಂಶಕ್ಕೆ ಬದಲಾಗುವ ಮಾಹಿತಿಯನ್ನು ‘ವಾರ್’ ಒಳಗಿನ ‘ಆಪ್ಟ್’ನಲ್ಲಿ (/var/opt), ಸಂರಚನೆಯನ್ನು, ಅಂದರೆ ಸೆಟ್ಟಿಂಗ್‌ಗಳನ್ನು, ‘ಇಟಿಸಿ’ ಒಳಗಿನ ‘ಆಪ್ಟ್’ನಲ್ಲಿ (/etc/opt) ಇಡಬೇಕೆಂದು ಮಾನಕ ಹೇಳುತ್ತದೆ. ಹಾಗೆ ಇಟ್ಟರೆ ದಿನನಿತ್ಯದ ಬ್ಯಾಕಪ್‌ಗೆ ಆ ಎರಡು ಫೋಲ್ಡರುಗಳೇ ಸಾಕು. ಪ್ರೋಗ್ರಾಂ ಅನ್ನು ಮತ್ತೆ ಹಾಕಿಕೊಳ್ಳಬಹುದು, ಆದರೆ ಮಳೆಗಾಲದಲ್ಲಿ ಇಂಟರ್‌ನೆಟ್ ಕೈಕೊಡುವ ಊರುಗಳಲ್ಲಿ ಇನ್‌ಸ್ಟಾಲರಿನ ಒಂದು ಪ್ರತಿಯನ್ನೂ ಬ್ಯಾಕಪ್ ಡಿಸ್ಕಿನಲ್ಲಿ ಇಟ್ಟಿರಬೇಕು.