ಬೆರೆಯಲೊಲ್ಲದ ಪ್ಲಾಸ್ಟಿಕ್‌ಗಳು

ಖಾಲಿಯಾದ ನೀರಿನ ಬಾಟಲಿಯನ್ನೂ ಅದರ ಮುಚ್ಚಳವನ್ನೂ ಸಣ್ಣಗೆ ಕತ್ತರಿಸಿ ಒಂದು ಬಕೆಟ್ ನೀರಿಗೆ ಹಾಕಿ ನೋಡಿ. ಬಾಟಲಿಯ ಚೂರುಗಳು ತಳ ಸೇರುತ್ತವೆ, ಮುಚ್ಚಳದವು ತೇಲುತ್ತವೆ. ಬಾಟಲಿ ಪಿಇಟಿ ಎಂಬ ಪ್ಲಾಸ್ಟಿಕ್‌ನದು, ಅದರ ಸಾಂದ್ರತೆ ನೀರಿನ ಸುಮಾರು 1.38 ಪಟ್ಟು. ಮುಚ್ಚಳ ಸಾಮಾನ್ಯವಾಗಿ ಪಾಲಿಎಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್. ಎರಡೂ ನೀರಿಗಿಂತ ಹಗುರ. ಮರುಬಳಕೆ ಘಟಕಗಳಲ್ಲೂ ಈ ಉಪಾಯ ಬಳಕೆಯಲ್ಲಿದೆ. ತೊಡಕಿರುವುದು ತೇಲಿದ ರಾಶಿಯಲ್ಲಿ.

ಆ ಎರಡೂ ಬರೀ ಇಂಗಾಲ ಮತ್ತು ಜಲಜನಕದಿಂದಾದವು, ಒಡಹುಟ್ಟಿದವರಂತೆ. ಕರಗಿಸಿ ಕಲಸಿದರೆ ಒಂದಾಗಬೇಕಲ್ಲವೇ? ಆಗುವುದಿಲ್ಲ. ಒಂದು ಇನ್ನೊಂದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಉಳಿಯುತ್ತದೆ. ತಣಿದ ಮೇಲೆ ಹನಿಯ ಅಂಚಿನಲ್ಲಿ ಹಿಡಿತವೇ ಇರುವುದಿಲ್ಲ. ಎಳೆದರೆ ಅಲ್ಲೇ ಬಿರುಕು. ಕೆಲವೊಮ್ಮೆ ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿದು ಬರುವುದೂ ಉಂಟು.

ಎಣ್ಣೆಗೂ ನೀರಿಗೂ ಇರುವಂಥ ಹಗೆ ಇವುಗಳ ನಡುವೆ ಇಲ್ಲ. ಇರುವುದು ತೀರಾ ಸಣ್ಣ ಮುನಿಸು. ಅಷ್ಟಕ್ಕೇ ಬೇರೆಯಾಗಲು ಕಾರಣ ಅಣುಗಳ ಉದ್ದ. ಪ್ಲಾಸ್ಟಿಕ್‌ನ ಒಂದೊಂದು ಅಣುವೂ ಪುಟ್ಟ ಕೊಂಡಿಗಳು ಸಾಲಾಗಿ ಸೇರಿದ ಸರಪಳಿ. ಬಿಡಿ ಮಲ್ಲಿಗೆ, ಬಿಡಿ ಕನಕಾಂಬರವನ್ನು ಮೊರದಲ್ಲಿ ಕಲಸಿದರೆ ಯಾವ ಹೂ ಎಲ್ಲಿ ಬೇಕಾದರೂ ಕೂರಬಹುದು. ಬೆರೆಯಲು ಲೆಕ್ಕವಿಲ್ಲದಷ್ಟು ದಾರಿಗಳು. ಅವನ್ನೇ ಮಾರುಗಟ್ಟಲೆ ಮಾಲೆ ಕಟ್ಟಿ ಕಲಸಿ: ಪ್ರತಿ ಹೂವೂ ಪಕ್ಕದ ಹೂವಿನ ಜೊತೆಗೇ ಹೋಗಬೇಕು. ದಾರಿಗಳು ಕಡಿಮೆಯಾಗುತ್ತವೆ. ಅಣುಗಳು ಬೆರೆಯುವುದು ಬಹುಪಾಲು ಈ ಸ್ವಾತಂತ್ರ್ಯದ ಲಾಭಕ್ಕೆ. ವಿಜ್ಞಾನಿಗಳು ಅದನ್ನು ಎಂಟ್ರೊಪಿಯ ಹೆಚ್ಚಳ ಎನ್ನುತ್ತಾರೆ. 1940ರ ದಶಕದ ಆರಂಭದಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಅಮೆರಿಕದಲ್ಲಿ ಬೇರೆ ಬೇರೆಯಾಗಿ ಇದರ ಲೆಕ್ಕ ಹಾಕಿದರು. ಎರಡೂ ಸರಪಳಿಗಳಲ್ಲಿ ಸಾವಿರ ಕೊಂಡಿಗಳಿದ್ದರೆ, ಬಿಡಿ ಕೊಂಡಿಗಳು ತಾಳಿಕೊಳ್ಳಬಲ್ಲ ಮುನಿಸಿನ ಸಾವಿರದಲ್ಲೊಂದು ಪಾಲನ್ನಷ್ಟೇ ಅವು ತಾಳಬಲ್ಲವು.

ಹಾಗಾಗಿ ನಿಜವಾಗಿ ಬೆರೆಯುವ ಜೋಡಿಗಳು ಅಪರೂಪ. ಪಾಲಿಸ್ಟೈರೀನ್ ಮತ್ತು ಪಾಲಿಫಿನೈಲೀನ್ ಆಕ್ಸೈಡ್ ಅಂಥ ಜೋಡಿ. ಯಾವ ಪ್ರಮಾಣದಲ್ಲಿ ಕಲಸಿದರೂ ಒಂದಾಗುತ್ತವೆ. ಇನ್ನೂ ಸೋಜಿಗದ್ದು ಪಾಲಿಸ್ಟೈರೀನ್ ಮತ್ತು ಪಾಲಿವಿನೈಲ್ ಮೀಥೈಲ್ ಈಥರ್‌ನ ಮಿಶ್ರಣ. ತಣ್ಣಗಿದ್ದಾಗ ಗಾಜಿನಷ್ಟು ತಿಳಿ. ನೂರು ಡಿಗ್ರಿ ದಾಟಿಸಿ ಸಾಕಷ್ಟು ಕಾಯಿಸಿದರೆ ಎರಡೂ ಬೇರೆಯಾಗಿ ಹಾಲಿನಂತೆ ಬೆಳ್ಳಗಾಗುತ್ತದೆ. ಕಾಯಿಸಿದರೆ ಚೆನ್ನಾಗಿ ಕರಗುತ್ತದೆಂಬ ನಮ್ಮ ಅಡುಗೆಮನೆಯ ಅನುಭವ ಇಲ್ಲಿ ತಿರುಗುಮುರುಗು.

ಮತ್ತೆ ಆ ತೇಲಿದ ರಾಶಿಗೆ ಬರೋಣ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯಗಳ ಸಂಶೋಧಕರು ಪಾಲಿಎಥಿಲೀನ್ ತುಂಡು, ಪಾಲಿಪ್ರೊಪಿಲೀನ್ ತುಂಡು, ಮತ್ತೆ ಅದೇ ಸರದಿಯಲ್ಲಿ ಇನ್ನೆರಡನ್ನು ಜೋಡಿಸಿ ಒಂದೇ ಸರಪಳಿ ಮಾಡಿದರು. ಅದರ ಪ್ರತಿ ತುಂಡೂ ತನ್ನವರ ಕಡೆ ನುಗ್ಗಿ ಬೇರು ಬಿಡುತ್ತದೆ. ಗಡಿಗೆ ಹೊಲಿಗೆ ಬಿದ್ದಂತಾಗುತ್ತದೆ. ಶೇಕಡಾ 1ರಷ್ಟು ಸೇರಿಸಿದರೂ ಪೆಡಸಾಗಿದ್ದ ಮಿಶ್ರಣ ಎಳೆದರೆ ಹಿಗ್ಗುವಷ್ಟು ಗಟ್ಟಿಯಾಯಿತು. ಅದನ್ನೇ ಅಂಟಾಗಿ ಬಳಸಿ ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಕೂಡಿಸಿ ಬಿಡಿಸಲು ನೋಡಿದರು. ಸರಪಳಿಯ ತುಂಡುಗಳು ಸಾಕಷ್ಟು ಉದ್ದವಿದ್ದಾಗ ಅಂಟು ಬಿಡಲಿಲ್ಲ, ಹಾಳೆಯೇ ಹರಿಯಿತು.