ಮೆಕ್ಕೆಜೋಳದ ಸಾಲು ಎಣಿಸುತ್ತಿದ್ದ ಹುಡುಗ

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರಿದೆ. ಅಲ್ಲಿನ ವಕೀಲರೊಬ್ಬರು 1938ರಲ್ಲಿ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರಿಗೆ 33 ಪುಟಗಳ ಪತ್ರ ಬರೆದರು. ಪತ್ರದ ತುಂಬ ಇದ್ದದ್ದು ಐದು ವರ್ಷದ ಮಗ ಡೊನಾಲ್ಡ್ ಟ್ರಿಪ್ಲೆಟ್‌ನ ವಿಚಾರ. ಗಿರಗಿರನೆ ತಿರುಗುವ ವಸ್ತುಗಳೆಂದರೆ ಅವನಿಗೆ ಪ್ರಾಣ. ಯಾರು ಬಂದರೂ ಹೋದರೂ ಗಮನವಿಲ್ಲ, ಒಬ್ಬನೇ ಇದ್ದಾಗಲೇ ಸಂತೋಷ. 1943ರಲ್ಲಿ ಕ್ಯಾನರ್ ಹನ್ನೊಂದು ಮಕ್ಕಳ ವಿವರಗಳೊಂದಿಗೆ ಆಟಿಸಂ (ಒಡನಾಟ, ಮಾತುಕತೆ, ವರ್ತನೆಗಳಲ್ಲಿ ಚಿಕ್ಕಂದಿನಿಂದಲೇ ಕಾಣುವ ಭಿನ್ನತೆ) ಕುರಿತ ತಮ್ಮ ಹೆಸರಾಂತ ಪ್ರಬಂಧವನ್ನು ಪ್ರಕಟಿಸಿದಾಗ, ಅದರ ಮೊದಲ ಪ್ರಕರಣವಾದವನು ಈ ಹುಡುಗ.

ಆ ಪ್ರಬಂಧಕ್ಕಿಂತ ನನ್ನನ್ನು ಹಿಡಿದಿಡುವುದು ಅದರ ನಂತರದ ಕಥೆ. ಡೊನಾಲ್ಡ್ ಕೆಲವು ವರ್ಷ ಒಬ್ಬ ರೈತ ದಂಪತಿಯ ಮನೆಯಲ್ಲಿದ್ದ. 1945ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಕ್ಯಾನರ್ ಕಂಡದ್ದನ್ನು ದಾಖಲಿಸಿದ್ದಾರೆ. ಮೆಕ್ಕೆಜೋಳದ ಸಾಲುಗಳನ್ನು ಎಣಿಸಿದ್ದನ್ನೇ ಎಣಿಸುವುದು ಹುಡುಗನ ಗೀಳು. ರೈತ ದಂಪತಿ ಅದನ್ನು ಬಿಡಿಸಲು ಹೋಗದೆ ಕೈಗೆ ನೇಗಿಲು ಕೊಟ್ಟು, ಉಳುತ್ತಲೇ ಎಣಿಸು ಎಂದರು. ಕಂಡದ್ದನ್ನೆಲ್ಲ ಅಳೆಯುವ ಹುಚ್ಚಿತ್ತು. ಬಾವಿ ತೋಡಿ ಅದರ ಆಳ ಎಷ್ಟೆಂದು ಹೇಳು ಎಂದರು. ಸತ್ತ ಹಕ್ಕಿ, ಹುಳುಗಳನ್ನು ಆಯ್ದು ತರುತ್ತಿದ್ದ. ಅವುಗಳನ್ನು ಹೂಳಲು ಸ್ಮಶಾನವೆಂದು ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ಕ್ಯಾನರ್ ನೋಡುತ್ತಿದ್ದಂತೆಯೇ ಹುಡುಗ ಕುದುರೆಯನ್ನು ಸಲೀಸಾಗಿ ತಿರುಗಿಸುತ್ತ ಆರು ಉದ್ದನೆಯ ಸಾಲು ಉತ್ತ. ಮುಂದೆ ಅವರು ಕಾಲೇಜು ಮುಗಿಸಿದರು, ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶ ದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. (ಆ ಬ್ಯಾಂಕು ತಾಯಿಯ ಮನೆತನದ್ದು. ಇಂಥ ಅನುಕೂಲ ಎಷ್ಟು ಮಕ್ಕಳಿಗೆ ಸಿಕ್ಕೀತು?)

ಸಾಲು ಎಣಿಸುವ ಆ ಹಟವನ್ನು ರೋಗಲಕ್ಷಣ ಎನ್ನಬೇಕೇ, ಡೊನಾಲ್ಡ್‌ನ ಗುಣ ಎನ್ನಬೇಕೇ? ಮಾಡಿದ್ದನ್ನೇ ಮಾಡುವ ಇಂಥ ಹಟವನ್ನು ಕ್ಯಾನರ್ ಲಕ್ಷಣವೆಂದು ಬರೆದಿದ್ದರು. ರೈತ ದಂಪತಿ ಅದನ್ನು ಹುಡುಗನ ಸ್ವಭಾವವೆಂದು ತಿಳಿದು ಅದಕ್ಕೊಂದು ಕೆಲಸ ಹುಡುಕಿದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. ಹುಟ್ಟಿನಿಂದ ಬರುವುದು ಎಂಬ ಮಟ್ಟಿಗೆ ಆಟಿಸಂಗೂ ಈ ಮಾತು ಸಲ್ಲುತ್ತದೆ. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು ಅದರ ಆನುವಂಶಿಕತೆಯನ್ನು ಸುಮಾರು ಶೇ 80 ಎಂದು ಅಂದಾಜಿಸಿತು. ಅಂದರೆ ಈ ವಿಷಯದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಬಹುಪಾಲನ್ನು ವಂಶವಾಹಿಗಳು ವಿವರಿಸುತ್ತವೆ. ಒಂದು ಮಗುವಿನ ಆಟಿಸಂನಲ್ಲಿ ನೂರಕ್ಕೆ ಎಂಬತ್ತು ಪಾಲು ತಂದೆತಾಯಿಯದು ಎಂದು ಇದನ್ನು ಓದಬಾರದು. ಆದರೆ ಹುಟ್ಟಿನಿಂದ ಬಂದದ್ದೆಲ್ಲ ಗುಣವಾಗುವುದಿಲ್ಲ. ಬಣ್ಣಗುರುಡೂ ಹುಟ್ಟಿನಿಂದಲೇ ಬರುತ್ತದೆ.

ಗುಣ ಎನ್ನಬೇಕಾದರೆ ಅದು ಎಲ್ಲರಲ್ಲೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇರಬೇಕು, ಸಂಕೋಚ ಇರುವ ಹಾಗೆ, ಹಟ ಇರುವ ಹಾಗೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್ ಅವರ ತಂಡ 2001ರಲ್ಲಿ ಆಟಿಸಂನ ಲಕ್ಷಣಗಳು ಯಾರಲ್ಲಿ ಎಷ್ಟಿವೆ ಎಂದು ಅಳೆಯಲು 50 ಹೇಳಿಕೆಗಳ ಪ್ರಶ್ನಾವಳಿ ರಚಿಸಿತು. ಸಾಮಾನ್ಯ ಜನರ ಸರಾಸರಿ ಅಂಕ 16ರ ಆಸುಪಾಸು, ಆಟಿಸಂ ಇದ್ದವರದು ಸುಮಾರು 36. ಈ ಎರಡರ ನಡುವೆ ಖಾಲಿ ಕಂದಕವಿರಲಿಲ್ಲ, ಜನರಿದ್ದರು. ವಿಜ್ಞಾನ ಮತ್ತು ಗಣಿತದ ವಿದ್ಯಾರ್ಥಿಗಳ ಅಂಕ ಕಲಾ ವಿಭಾಗದವರಿಗಿಂತ ಹೆಚ್ಚಿತ್ತು. ವ್ಯಕ್ತಿತ್ವವನ್ನು ಮನಶ್ಶಾಸ್ತ್ರಜ್ಞರು ಬಹಿರ್ಮುಖತೆ, ಶಿಸ್ತು ಮೊದಲಾದ ಐದು ಆಯಾಮಗಳಲ್ಲಿ ಅಳೆಯುತ್ತಾರಷ್ಟೆ. 2006ರ ಒಂದು ಅಧ್ಯಯನ ಇಲ್ಲೇ ಕೈಹಾಕಿತು. ಆಟಿಸಂನ ಅಂಕಗಳು ಆ ಐದರಲ್ಲಿ ಕರಗಿಹೋಗದೆ ಆರನೆಯ ಆಯಾಮದಂತೆ ಬೇರೆಯಾಗಿಯೇ ನಿಂತವು. ನಂತರದ ಕೆಲವು ಅಧ್ಯಯನಗಳು ಐದರೊಂದಿಗೆ ಅದಕ್ಕೆ ಸಾಕಷ್ಟು ನಂಟಿದೆ ಎಂದೂ ಹೇಳಿವೆ.

ಇಷ್ಟಾದರೂ ‘ಗುಣ’ ಎಂಬಲ್ಲಿಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಪ್ರಶ್ನಾವಳಿ ಕೇಳುವುದು ಅಭ್ಯಾಸಗಳನ್ನು. ಆಟಿಸಂ ಅದಕ್ಕಿಂತ ಒಳಗಿನದು; ಲೋಕ ನಮ್ಮೊಳಗೆ ಬರುವ ಬಾಗಿಲಲ್ಲೇ ಅದು ಶುರುವಾಗುತ್ತದೆ. ಕುಕ್ಕರಿನ ಕೂಗಿಗೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿಯುವ ಮಗುವಿನದು ಸ್ವಭಾವವಲ್ಲ, ಸಂವೇದನೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯನ್ನು ಪರಿಷ್ಕರಿಸಿದಾಗ ಶಬ್ದ, ಸ್ಪರ್ಶ, ಬೆಳಕುಗಳಿಗೆ ತೋರುವ ಅತಿಯಾದ ಅಥವಾ ತೀರಾ ಕಡಿಮೆಯಾದ ಪ್ರತಿಕ್ರಿಯೆಯನ್ನು ಮಾನದಂಡಗಳಿಗೆ ಸೇರಿಸಿತು. ಹೀಗಿರುವಾಗ ಇದನ್ನು ವ್ಯಕ್ತಿಯ ಹಲವು ಗುಣಗಳಲ್ಲಿ ಒಂದು ಎನ್ನುವುದಕ್ಕಿಂತ, ಉಳಿದ ಗುಣಗಳೆಲ್ಲ ರೂಪುಗೊಳ್ಳುವ ನೆಲೆ ಎನ್ನುವುದೇ ಸರಿಯೆಂದು ನನ್ನ ಎಣಿಕೆ. ಸ್ವತಃ ಆಟಿಸಂ ಇರುವ ಜಿಮ್ ಸಿಂಕ್ಲೇರ್ 1993ರಲ್ಲೇ ತಂದೆತಾಯಿಯರಿಗೆ ಇದನ್ನು ನೇರವಾಗಿ ಹೇಳಿದ್ದರು: ಆಟಿಸಂ ಎಂಬುದು ಬದುಕಿರುವ ಒಂದು ರೀತಿ, ಅದನ್ನು ತೆಗೆದುಹಾಕಿದರೆ ಅದೇ ಮಗು ಉಳಿಯುವುದಿಲ್ಲ.

ಆದರೆ ಸಿಂಕ್ಲೇರ್ ಮಾತನಾಡಬಲ್ಲರು, ಬರೆಯಬಲ್ಲರು. ಹದಿನೈದಾದರೂ ಮಾತು ಬಾರದ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಗನ ತಾಯಿಗೆ ಈ ವಾದ ಅವಮಾನದಂತೆ ಕೇಳಿಸಿದರೆ ಆಕೆಯನ್ನು ತಪ್ಪೆನ್ನಲಾರೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಆರೈಕೆ ಬೇಕಾದವರನ್ನು ‘ತೀವ್ರ ಆಟಿಸಂ’ ಎಂದು ಬೇರೆಯಾಗಿ ಗುರುತಿಸಬೇಕೆಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಆಯೋಗ 2021ರಲ್ಲಿ ಸಲಹೆ ಮಾಡಿದ್ದು ಇದೇ ಕಾರಣಕ್ಕೆ. ಅನೇಕರಲ್ಲಿ ಜೊತೆಗೂಡುವ ಅಪಸ್ಮಾರ ಯಾರ ಗುಣವೂ ಅಲ್ಲ. ಅದಕ್ಕೆ ಚಿಕಿತ್ಸೆ ಬೇಕು, ಇದೆ. ಇರುವ ರೀತಿ, ಚಿಕಿತ್ಸೆ ಬೇಕಾದ ಕಷ್ಟ ಎರಡನ್ನೂ ಒಂದೇ ಹೆಸರಿನಡಿ ತಂದು ಜಗಳವಾಡುವುದರಿಂದ ವಾದ ಮುಗಿಯುವುದೇ ಇಲ್ಲ.

ನಮ್ಮ ಕಾನೂನಿಗೆ ಈ ವಾದ ಮುಗಿಯುವವರೆಗೆ ಕಾಯಲಾಗದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ 40 ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅಳತೆಗೆಂದೇ ನಮ್ಮ ದೇಶದಲ್ಲಿ ರೂಪಿಸಿದ, ‘ಇಸಾ’ ಎಂದು ಕರೆಯುವ ಮಾಪಕವಿದೆ. ಅದರಲ್ಲಿ 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಬಂದರೆ ಆಟಿಸಂ, ಅಂಗವೈಕಲ್ಯ ಶೇ 40. 69 ಬಂದರೆ ಇಲ್ಲ. ನಿಸರ್ಗದಲ್ಲಿ ಇಲ್ಲದ ಗೆರೆಯನ್ನು ಆಡಳಿತ ಎಳೆಯಲೇಬೇಕಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಕುತೂಹಲವಿರುವುದು ಮಾಪಕದ ಕೊನೆಯ ಎರಡು ಅಂಶಗಳಲ್ಲಿ: ಅಸಾಮಾನ್ಯ ನೆನಪಿನ ಶಕ್ತಿ ಮತ್ತು ಯಾವುದಾದರೂ ಒಂದು ವಿಷಯದಲ್ಲಿ ಅಸಾಧಾರಣ ಪ್ರತಿಭೆ. ಮಗುವಿನಲ್ಲಿ ಇವು ಕಂಡಷ್ಟೂ ಅಂಗವೈಕಲ್ಯದ ಅಂಕ ಏರುತ್ತದೆ. ಒಂದೆರಡು ಅಂಕ ಸಾಲದಿರುವ ಮನೆಯವರು ಇದಕ್ಕೆ ತಕರಾರು ತೆಗೆಯುವುದಿಲ್ಲ, ಬೇರೆ ಮನೆಗಳಲ್ಲಿ ಮಗು ಊರಿನವರ ಫೋನ್ ನಂಬರುಗಳನ್ನೆಲ್ಲ ಬಾಯಿಪಾಠ ಹೇಳಿದರೆ ನೆಂಟರನ್ನು ಕರೆದು ಕೇಳಿಸುತ್ತಾರೆ.